ಅಪ್‌ಡೇಟ್: ಬಾಗಿಯೇ ಉಳಿಯುತ್ತಿದ್ದ ಮರದ ಬಿಲ್ಲು ಸರಿಹೋಯಿತು

ಹೆದೆ ಬಿಚ್ಚಿದರೂ ಬಿಲ್ಲು ನೆಟ್ಟಗಾಗುತ್ತಿಲ್ಲ, ಮಡಿಕೇರಿ ಮಳೆಯ ತೇವಕ್ಕೆ ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಬಿಲ್ಲನ್ನು ಕೆಂಡದ ಮೇಲೆ ಕಾಯಿಸುವ ಉಪಾಯವೇ ಕೆಲಸ ಮಾಡಿತು, ಹೇಳಿದವರಿಗೆ ತುಂಬಾ ಥ್ಯಾಂಕ್ಸ್.

ಬಿಲ್ಲನ್ನು ನೆಟ್ಟಗೆ ಹಲಗೆಗೆ ಬಿಗಿದು, ನಮ್ಮ ಕಡೆಗಿರುವ ಹೊಟ್ಟೆಭಾಗವನ್ನು ಮಾತ್ರ ನಿಧಾನಕ್ಕೆ ಕಾಯಿಸಿದೆ. ಉರಿ ತಾಗಿಸಲಿಲ್ಲ. ಹುರಿದ ಕಾಫಿಬೀಜದ ಬಣ್ಣ ಬಂದಾಗ ನಿಲ್ಲಿಸಿದೆ. ಬಿಲ್ಲಿನ ಬೆನ್ನನ್ನು, ಅಂದರೆ ಗುರಿಯ ಕಡೆಗಿರುವ ಭಾಗವನ್ನು, ಕಾಯಿಸಲೇಬೇಡಿ. ಎಳೆದಾಗ ಹಿಗ್ಗುವುದು ಅದೇ, ಪೆಡಸಾದರೆ ಸೀಳುತ್ತದೆ.

ಇದಕ್ಕೂ ಮೊದಲು ಒಲೆ ಮೇಲಿನ ಅಟ್ಟದಲ್ಲಿಟ್ಟಾಗ ಮರ ಒಣಗಿತು, ಬಾಗು ಹೋಗಲಿಲ್ಲ. ಎಣ್ಣೆ ಸವರಿದ್ದೂ ಸುಮ್ನೆ ಆಯಿತು.

ಗೊತ್ತಿರದ ಸಂಗತಿ ಒಂದಿತ್ತು: ಕಾಯಿಸಿದ ಕೂಡಲೇ ಹೆದೆ ಏರಿಸಬಾರದು. ಮರ ಗಾಳಿಯಿಂದ ಸ್ವಲ್ಪ ತೇವ ವಾಪಸ್ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮುರಿಯಬಹುದು. ಕೆಲವು ದಿನ ಬಿಟ್ಟು ಏರಿಸಿದೆ. ಈಗ ಎಳೆತ ಮೊದಲಿಗಿಂತ ಜಾಸ್ತಿ ಬಿಗಿಯಾಗಿದೆ, ಹೊಟ್ಟೆಭಾಗವನ್ನು ಸ್ವಲ್ಪ ಹೆರೆಯಬೇಕು.