ಮಗಳಿಗೆ ಯಾವ ಶಾಲೆ? ಓದುಗರ ಸ್ಪಂದನ

ಸಮಸ್ಯೆ: ಮಗಳಿಗೆ ಆರು ತುಂಬುತ್ತಿದೆ. ಓದುವುದನ್ನು ತಾನೇ ಕಲಿತಿದ್ದಾಳೆ, ಆದರೆ ಹೊಸಬರ ಎದುರು ಬಾಯೇ ಬಿಡುವುದಿಲ್ಲ. ಯಜಮಾನರಿಗೆ ಖಾಸಗಿ ಶಾಲೆಯೇ ಆಗಬೇಕು. ಮನೆ ಹತ್ತಿರ ಸರ್ಕಾರಿ ಶಾಲೆಯಿದೆ, ನಾನು ಓದಿದ್ದೂ ಅಂಥದ್ದರಲ್ಲೇ. ಅರ್ಧ ದಿನ ಮನೆಯಿಂದಲೇ ಕೆಲಸ ಮಾಡುತ್ತೇನಾದ್ದರಿಂದ ಹೋಮ್‌ಸ್ಕೂಲಿಂಗ್ ಯೋಚನೆಯೂ ಬಂದಿದೆ. ಏನು ಮಾಡಲಿ?

ನೋಡಮ್ಮ, ಸರ್ಕಾರಿಯೋ ಖಾಸಗಿಯೋ ಎಂಬ ಚರ್ಚೆ ಸ್ವಲ್ಪ ದಿನ ಬದಿಗಿರಲಿ. ಎರಡೂ ಶಾಲೆಗೆ ಹೋಗಿ ಬನ್ನಿ, ಅದೂ ಮಗಳು ಕೂರಬೇಕಾದ ತರಗತಿಗೇ. ಆಫೀಸ್ ರೂಮಿನಲ್ಲಿ ಕೂತು ಕೇಳಿದರೆ ಎಲ್ಲ ಶಾಲೆಯೂ ಚೆನ್ನ. ತರಗತಿಯೊಳಗೆ ಬಿಡುವುದಿಲ್ಲ ಅಂದರೆ ಮಕ್ಕಳ ನೋಟ್‌ಬುಕ್ ತೋರಿಸಿ ಅನ್ನಿ. ಎಲ್ಲದರಲ್ಲೂ ಅದೇ ವಾಕ್ಯ, ಅದೇ ಉತ್ತರ, ಕೊನೆಗೊಂದು ಕೆಂಪು ಟಿಕ್ ಇದ್ದರೆ ಅದು ಬೋರ್ಡ್ ನೋಡಿ ಇಳಿಸಿಕೊಂಡದ್ದು. ಒಬ್ಬೊಬ್ಬರದು ಒಂದೊಂದು ಥರ ಇದ್ದು, ತಪ್ಪಿನ ಪಕ್ಕದಲ್ಲಿ ಟೀಚರ್ ಏನೋ ಬರೆದು, ಮಗು ಕೆಳಗೆ ಅದನ್ನು ತಿದ್ದಿ ಬರೆದಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ ಅಂತ ತಿಳಿಯಿರಿ. ಖಾಸಗಿಯವರನ್ನು ವರ್ಷದಲ್ಲಿ ಎಷ್ಟು ಟೀಚರ್ ಬಿಟ್ಟುಹೋದರು ಅಂತ ಕೇಳಿ. ಸರ್ಕಾರಿ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಅಂತ ಕೇಳಿ. ಆಮೇಲೆ ಮಕ್ಕಳ ಶೌಚಾಲಯಕ್ಕೇ ಹೋಗಿ ನಲ್ಲಿ ತಿರುಗಿಸಿ, ಚಿಲಕ ಹಾಕಿ ನೋಡಿ. ಅದು ಸರಿಯಿಲ್ಲದಿದ್ದರೆ ಮಾತಾಡದ ಮಗು ಮನೆಗೆ ಬಂದು ಹೇಳುವುದಿಲ್ಲ. ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಎಷ್ಟೋ ಮಕ್ಕಳಲ್ಲಿ ಇದನ್ನು ಕಂಡಿದ್ದೇನೆ.

ನಿಮ್ಮ ಯಜಮಾನರಿಗೆ ಇದನ್ನೂ ಹೇಳಿ. ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 15 ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯ 2018ರ ಸುತ್ತಿನಲ್ಲಿ, ಸದಸ್ಯ ದೇಶಗಳ ಸರಾಸರಿ ನೋಡಿದರೆ, ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಖಾಸಗಿ ಶಾಲೆಯವರೇ ಮುಂದಿದ್ದರು. ಮನೆಯ ಆರ್ಥಿಕ, ಸಾಮಾಜಿಕ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಸರ್ಕಾರಿ ಶಾಲೆಯವರು ಮುಂದೆ ಬಂದರು. ಶಾಲೆಯ ಹೆಸರಿಗೆ ಸಲ್ಲುತ್ತಿರುವ ಹೊಗಳಿಕೆಯಲ್ಲಿ ಬಹುಪಾಲು ಅಪ್ಪ ಅಮ್ಮನದು.
(ನಿವೃತ್ತ ಶಿಕ್ಷಕಿ)

ಮಗನಿಗೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಆದರೂ ನಿಮಗೆ ತಕ್ಷಣ ಹೂಂ ಅನ್ನಲಾರೆ. ಹೋಮ್‌ಸ್ಕೂಲಿಂಗ್ ಪರವಾಗಿ ಮಾತಾಡುವವರು ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಹೆಸರು ಎತ್ತುವುದುಂಟು. ಒಬ್ಬರೇ ಶಿಷ್ಯರನ್ನು ಕೂರಿಸಿಕೊಂಡು ಕಲಿಸಿದರೆ ಸಾಧಾರಣ ಮಗುವೂ ಮಾಮೂಲು ತರಗತಿಯ ನೂರರಲ್ಲಿ 98 ಮಕ್ಕಳನ್ನು ಮೀರಿಸುತ್ತದೆ ಅಂತ ಬ್ಲೂಮ್ 1984ರಲ್ಲಿ ಬರೆದದ್ದು ನಿಜ. ಆಮೇಲಿನ ಅಧ್ಯಯನಗಳಲ್ಲಿ ಲಾಭ ಕಂಡಿತು, ಅಷ್ಟು ದೊಡ್ಡದಾಗಿ ಅಲ್ಲ. ಅಲ್ಲದೆ ಬ್ಲೂಮ್ ಹೇಳಿದ ಪಾಠದಲ್ಲಿ ಕಲಿತದ್ದನ್ನು ಆಗಾಗ ಪರೀಕ್ಷಿಸಿ, ತಪ್ಪು ತಿದ್ದಿಸಿಯೇ ಮುಂದಕ್ಕೆ ಹೋಗುವ ಶಿಸ್ತಿತ್ತು. ಮನೆಯಲ್ಲಿ ಮೊದಲು ಜಾರುವುದೇ ಅದು. ‘ಇದು ಗೊತ್ತು ಬಿಡಪ್ಪಾ’ ಅಂತಾನೆ ಮಗ, ನಾವೂ ಬಿಡುತ್ತೇವೆ.

ಆರು ವರ್ಷದ ಮಗುವಿಗೆ ಕೂತು ಕಲಿಸಲು ದಿನಕ್ಕೆ ಎರಡು ಗಂಟೆ ಧಾರಾಳವಾಯಿತು. ಉಳಿದ ಹೊತ್ತೇ ಕಷ್ಟ. ನೀವು ಆಫೀಸಿನ ಕರೆಯಲ್ಲಿರುವಾಗ ಅವಳ ಜೊತೆ ಯಾರಿರುತ್ತಾರೆ? ನಿಮ್ಮ ಪತ್ರದಲ್ಲಿ ಅದಿಲ್ಲ. ಯಜಮಾನರು ಒಲ್ಲದ ಮನಸ್ಸಿನಿಂದ ಒಪ್ಪಿದರೆ ಪ್ರತಿ ಸಣ್ಣ ತಪ್ಪಿಗೂ ನೀವೇ ಉತ್ತರ ಕೊಡಬೇಕಾಗುತ್ತದೆ, ಅದಕ್ಕೂ ಸಿದ್ಧರಿರಿ.

ಕಾನೂನನ್ನೂ ಮೊದಲೇ ತಿಳಿದುಕೊಳ್ಳಿ. ಅಮೆರಿಕದ 50 ರಾಜ್ಯಗಳಲ್ಲೂ ಮನೆಯಲ್ಲಿ ಕಲಿಸಬಹುದು, ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು. ಜರ್ಮನಿಯಲ್ಲಿ ತೀರಾ ಅಪರೂಪದ ಸಂದರ್ಭ ಬಿಟ್ಟರೆ ಅವಕಾಶವೇ ಇಲ್ಲ. ನೀವಿರುವ ಕಡೆ ದೊಡ್ಡ ಪರೀಕ್ಷೆಗೆ ಖಾಸಗಿಯಾಗಿ ಕೂರಲು ಬಿಡುತ್ತಾರಾ, ಮಧ್ಯದಲ್ಲಿ ಶಾಲೆಗೆ ಸೇರಿಸಿದರೆ ಯಾವ ತರಗತಿಗೆ ತೆಗೆದುಕೊಳ್ಳುತ್ತಾರೆ, ಲಿಖಿತವಾಗಿ ಪಡೆಯಿರಿ.
(ಒಬ್ಬ ತಂದೆ)

ನನ್ನದು ಲೆಕ್ಕಪತ್ರದ ಕೆಲಸ, ಹಾಗಾಗಿ ಲೆಕ್ಕದ ಮಾತು. ಖಾಸಗಿ ಶಾಲೆಗೆ ಹಾಕುವುದಾದರೆ ಮೊದಲ ವರ್ಷದ ಫೀಸು ನೋಡಿ ಹೂಂ ಅನ್ನಬೇಡಿ. ಬಸ್ಸು, ಯೂನಿಫಾರ್ಮು, ಪುಸ್ತಕ, ಪ್ರವಾಸ ಎಲ್ಲ ಸೇರಿಸಿ, ಕಳೆದ ಕೆಲವು ವರ್ಷಗಳಲ್ಲಿ ಫೀಸು ಎಷ್ಟೆಷ್ಟು ಏರಿದೆ ಅಂತ ಹಿರಿಯ ವಿದ್ಯಾರ್ಥಿಗಳ ಪೋಷಕರನ್ನು ಕೇಳಿ, ಶಾಲೆಯವರನ್ನಲ್ಲ. ಹೋಮ್‌ಸ್ಕೂಲಿಂಗ್ ಅಗ್ಗ ಅಂದುಕೊಳ್ಳುವುದೂ ಬೇಡ. ನಿಮ್ಮ ಸಂಬಳದಲ್ಲಿ ಖೋತಾ ಆಗುವುದೂ ಖರ್ಚೇ.
(ಇಬ್ಬರು ಮಕ್ಕಳ ತಾಯಿ)

ಅಕ್ಕಾ, ನಾನೂ ನಿಮ್ಮ ಮಗಳ ಹಾಗೇ ಇದ್ದೆ. ಈಗ ಕಾಲೇಜು. ಮಾತಾಡುವುದಿಲ್ಲ ಅನ್ನುವುದನ್ನು ಶಾಲೆ ಆರಿಸುವ ಕಾರಣ ಮಾಡಬೇಡಿ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಹೊರಗೆ ತಿಂಗಳುಗಟ್ಟಲೆ ಒಂದು ಮಾತೂ ಆಡದಿದ್ದರೆ ಮಾತ್ರ ಮಕ್ಕಳ ತಜ್ಞರಿಗೆ ತೋರಿಸಿ. ಬರೀ ಸಂಕೋಚವಾದರೆ ನೂರು ಗೆಳತಿಯರು ಬೇಕಿಲ್ಲ, ಒಬ್ಬಳು ಸಾಕು, ಸಂಜೆ ನಡೆದು ಹೋಗುವಷ್ಟು ಹತ್ತಿರದವಳು. ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು ಹೋಗುವ ಶಾಲೆಯಲ್ಲಿ ನನಗೆ ಅದೊಂದು ಸಿಗಲಿಲ್ಲ. ಶಿಕ್ಷಕಿ ಅಮ್ಮ ಹೇಳಿದಂತೆ ನೋಟ್‌ಬುಕ್ ನೋಡಿ, ಹತ್ತಿರದ ಶಾಲೆಯದು ಪರವಾಗಿಲ್ಲ ಅನಿಸಿದರೆ ಸಾಕು, ಅಲ್ಲೇ ಸೇರಿಸಿ. ಕಥೆ ಪುಸ್ತಕ ಓದಿಸುವುದನ್ನು ಸಂಜೆ ನೀವೇ ಮಾಡಬಹುದಲ್ಲ. ಹೊಂದಲಿಲ್ಲ ಅಂದರೆ ಒಂದನೇ ತರಗತಿ ಮುಗಿದ ಮೇಲೆ ಶಾಲೆ ಬದಲಿಸುವುದು ಅಷ್ಟೇನೂ ಕಷ್ಟವಲ್ಲ, ಏಳನೆಯದರಲ್ಲಿ ಬದಲಿಸುವುದು ಕಷ್ಟ.
(ವಿದ್ಯಾರ್ಥಿನಿ)