ಮಗ ಕಾಲೇಜ್ ಐಸ್ ಹಾಕಿ ಫಾರ್ವರ್ಡ್: ಈಗಲೇ ಪ್ರೊ ಆಗಬೇಕೇ, ಡಿಗ್ರಿ ಮುಗಿಸಬೇಕೇ?

ಕೇಳಿದವರು: ಮಿಶಿಗನ್‌ನಿಂದ ಒಬ್ಬ ತಂದೆ

ನಮಸ್ಕಾರ. ನಾವು ಹಾಸನದ ಕಡೆಯವರು, ಅಮೆರಿಕಕ್ಕೆ ಬಂದು ಬಹಳ ವರ್ಷವಾಯಿತು. ಮಗ ಇಲ್ಲೇ ಹುಟ್ಟಿ ಬೆಳೆದವನು. ಎನ್‌ಸಿಎಎ (ಅಮೆರಿಕದ ಕಾಲೇಜ್ ಕ್ರೀಡೆಗಳ ಸಂಸ್ಥೆ) ಡಿವಿಷನ್ ಒನ್, ಅಂದರೆ ಮೇಲಿನ ದರ್ಜೆಯ ಕಾಲೇಜ್ ತಂಡದಲ್ಲಿ ಸೆಂಟರ್, ಅಂದರೆ ದಾಳಿ ಮಾಡುವ ಮೂವರು ಫಾರ್ವರ್ಡ್‌ಗಳಲ್ಲಿ ನಡುವಿನವನಾಗಿ ಆಡುತ್ತಾನೆ. ಮೂರನೇ ವರ್ಷ, ವಯಸ್ಸು 22. ಎನ್‌ಎಚ್‌ಎಲ್ (ಇಲ್ಲಿನ ಅತಿ ದೊಡ್ಡ ಪ್ರೊ ಹಾಕಿ ಲೀಗ್) ಕ್ಲಬ್‌ಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ ಅವನನ್ನು ಯಾವ ಕ್ಲಬ್ಬೂ ಆರಿಸಿರಲಿಲ್ಲ. ಈ ಸೀಸನ್ ಚೆನ್ನಾಗಿ ಆಡಿದ, ಈಗ ಎರಡು ಎನ್‌ಎಚ್‌ಎಲ್ ಕ್ಲಬ್‌ಗಳು ಮಾತಾಡಿಸುತ್ತಿವೆ. ಡಿಗ್ರಿಗೆ ಇನ್ನೊಂದು ವರ್ಷ ಬಾಕಿ. ಅವನಿಗೆ ಈಗಲೇ ಪ್ರೊ, ಅಂದರೆ ಸಂಬಳಕ್ಕೆ ಆಡುವ ಆಟಗಾರನಾಗಿ ಹೋಗುವ ಆಸೆ, ಅವರಮ್ಮನಿಗೆ ಓದು ನಿಂತುಹೋಗುತ್ತದೆ ಅನ್ನುವ ಚಿಂತೆ. ಈ ದಾರಿಯನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಮಿನಿಯಾಪೊಲಿಸ್‌ನಿಂದ, ಆಟಗಾರನ ತಾಯಿ

ಸರ್, ಮೊದಲು ಮಗನಿಗೆ ಅಭಿನಂದನೆ ಹೇಳಿ. ಡ್ರಾಫ್ಟ್ ಆಗದ ಹುಡುಗನನ್ನು ಎರಡು ಕ್ಲಬ್ ಕೇಳುವುದು ಸಣ್ಣ ವಿಷಯವಲ್ಲ.

ನನ್ನ ಮಗ ವಿಂಗರ್, ಅಂದರೆ ಬದಿಯಲ್ಲಿ ಆಡುವ ಫಾರ್ವರ್ಡ್. ನಾಲ್ಕು ವರ್ಷವೂ ಕಾಲೇಜಿಗೆ ಆಡಿ, ಮಾರ್ಚ್‌ನಲ್ಲಿ ಸೀಸನ್ ಮುಗಿದ ಕೂಡಲೇ ಒಂದು ಎಎಚ್‌ಎಲ್ (ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಪ್ರೊ ಲೀಗ್) ತಂಡಕ್ಕೆ ಅಮೆಚೂರ್ ಟ್ರೈಔಟ್, ಅಂದರೆ ಪರೀಕ್ಷಾರ್ಥ ಅವಕಾಶದ ಮೇಲೆ ಹೋದ. ಕಾಲೇಜ್ ಆಟ ಮುಗಿದ ಮೇಲೂ ಎಎಚ್‌ಎಲ್ ಏಪ್ರಿಲ್‌ವರೆಗೆ ನಡೆಯುತ್ತದೆ. ಹಾಗಾಗಿ ಎಷ್ಟೋ ಹುಡುಗರಿಗೆ ಪ್ರೊ ಆಟದ ಮೊದಲ ರುಚಿ ಸಿಗುವುದು ಹೀಗೇ. ಮುಂದಿನ ವರ್ಷ ಎಎಚ್‌ಎಲ್ ಒಪ್ಪಂದ ಸಿಕ್ಕಿತು. ಆದರೆ ಹೆಚ್ಚು ಸಮಯ ಅದರ ಕೆಳಗಿನ ಲೀಗ್ ಆದ ಇಸಿಎಚ್‌ಎಲ್‌ನಲ್ಲೇ ಆಡಿದ. ಅಲ್ಲಿ ಸಂಬಳ ವಾರದ ಲೆಕ್ಕ, ಅದೂ ಕಡಿಮೆ. ಮನೆ ಮಾತ್ರ ತಂಡವೇ ಕೊಡುತ್ತದೆ.

ಕಾಲೇಜಿಗೂ ಪ್ರೊಗೂ ಇರುವ ವ್ಯತ್ಯಾಸ ಮನೆಯವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಕಾಲೇಜಿನಲ್ಲಿ ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಪಂದ್ಯ. ಉಳಿದ ದಿನ ಪ್ರಾಕ್ಟೀಸ್, ಜಿಮ್, ಕ್ಲಾಸು. ಇಡೀ ಸೀಸನ್‌ಗೆ 40ರ ಒಳಗೆ ಪಂದ್ಯಗಳು. ಎಎಚ್‌ಎಲ್‌ನಲ್ಲಿ 72. ಕೆಲವು ವಾರ ಮೂರು ದಿನಕ್ಕೆ ಮೂರು ಪಂದ್ಯ, ನಡುವೆ ರಾತ್ರಿಯೆಲ್ಲ ಬಸ್ಸು. ಜನವರಿ ಹೊತ್ತಿಗೆ ನನ್ನ ಮಗನ ತೂಕವೇ ಇಳಿದಿತ್ತು. ಏನು ತಿನ್ನಬೇಕು, ಎಷ್ಟು ಮಲಗಬೇಕು ಅನ್ನುವುದನ್ನೂ ಹೊಸದಾಗಿ ಕಲಿತ.

ಇನ್ನೊಂದು, ಫಾರ್ವರ್ಡ್‌ಗಳಿಗೆ ಮುಖ್ಯವಾದ ಮಾತು. ಕಾಲೇಜಿನಲ್ಲಿ ನನ್ನ ಮಗ ಮೊದಲ ಲೈನ್ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು), ಪವರ್ ಪ್ಲೇ (ಎದುರಾಳಿ ಶಿಕ್ಷೆಯಿಂದ ಒಬ್ಬ ಕಡಿಮೆ ಇರುವಾಗ ಆಡುವ ಆಟ) ಎರಡರಲ್ಲೂ ಇದ್ದ. ಪ್ರೊಗೆ ಬಂದರೆ ನಾಲ್ಕನೇ ಲೈನ್. ಮೇಲಿನ ಎರಡು ಲೈನ್‌ಗಳಲ್ಲಿ ಇರುವುದು ಆರೇ ಫಾರ್ವರ್ಡ್ ಜಾಗ, ಅವು ಹೊಸಬರಿಗೆ ಸುಮ್ನೆ ಸಿಗುವುದಿಲ್ಲ. ಕೋಚ್ ಕೇಳುವುದು ಪೆನಾಲ್ಟಿ ಕಿಲ್ (ನಮ್ಮವರು ಒಬ್ಬ ಕಡಿಮೆ ಇರುವಾಗ ಗೋಲು ತಡೆಯುವ ಆಟ) ಆಡುತ್ತೀಯಾ, ನಮ್ಮ ವಲಯದಲ್ಲಿ ಫೇಸ್‌ಆಫ್ (ಆಟ ಶುರುವಾಗುವಾಗ ಇಬ್ಬರು ಪಕ್‌ಗಾಗಿ ಎದುರುಬದುರು ನಿಲ್ಲುವುದು) ಗೆಲ್ಲುತ್ತೀಯಾ, ಅಂಗಳದ ಅಂಚಿನ ಬೋರ್ಡ್ ಹತ್ತಿರ ಪಕ್ ಬಿಟ್ಟುಕೊಡದೆ ಹೊರಗೆ ತರುತ್ತೀಯಾ ಎಂದು. ನಿಮ್ಮ ಮಗ ಸೆಂಟರ್ ಅಂದಿರಿ. ಕಾಲೇಜ್ ಸೆಂಟರ್‌ಗಳಲ್ಲಿ ಬಹಳ ಜನರನ್ನು ಪ್ರೊನಲ್ಲಿ ವಿಂಗ್‌ಗೆ ಹಾಕುತ್ತಾರೆ. ಅವನು ಈಗಿನಿಂದಲೇ ಎರಡೂ ಕಡೆ ಆಡಿ ರೂಢಿ ಮಾಡಿಕೊಳ್ಳಲಿ. ಬೇಸಿಗೆಯಲ್ಲಿ ಶೂಟಿಂಗ್ ಎಷ್ಟು ಮಾಡುತ್ತಾನೋ ಫೇಸ್‌ಆಫ್ ಕೂಡ ಅಷ್ಟೇ ಮಾಡಲಿ. ನನ್ನ ಮಗನಿಗೆ ಎಎಚ್‌ಎಲ್‌ನಲ್ಲಿ ಜಾಗ ಉಳಿಸಿಕೊಟ್ಟದ್ದು ಗೋಲಲ್ಲ, ಪೆನಾಲ್ಟಿ ಕಿಲ್.

ಬೋಸ್ಟನ್‌ನಿಂದ, ಕಾಲೇಜಿನಲ್ಲಿ ವಿದ್ಯಾರ್ಥಿ ಸಲಹೆಗಾರ

ನನ್ನ ಕೆಲಸ ಓದಿನ ಕಡೆಯದು, ಆದರೆ ಹಾಕಿ ಹುಡುಗರ ಫೈಲ್‌ಗಳು ಪ್ರತಿ ವಸಂತದಲ್ಲಿ ನನ್ನ ಮೇಜಿಗೆ ಬರುತ್ತವೆ.

ಡ್ರಾಫ್ಟ್ ಆಗದಿರುವುದು ಈ ಹಂತದಲ್ಲಿ ನಷ್ಟವಲ್ಲ ಸರ್. ಡ್ರಾಫ್ಟ್ ಆದ ಕಾಲೇಜ್ ಹುಡುಗನ ಹಕ್ಕು ಒಂದೇ ಕ್ಲಬ್ ಕೈಯಲ್ಲಿರುತ್ತದೆ. ಸಹಿ ಹಾಕದೆ ನಾಲ್ಕೂ ವರ್ಷ ಮುಗಿಸಿದರೆ ಆಗಸ್ಟ್ 15ಕ್ಕೆ ಬಿಡುಗಡೆ. ಹಾರ್ವರ್ಡ್‌ನ ಜಿಮ್ಮಿ ವೀಸಿ ಹಾಗೇ ಮಾಡಿದರು. 2012ರಲ್ಲಿ ನ್ಯಾಶ್‌ವಿಲ್ ಅವರನ್ನು ಆರಿಸಿತ್ತು. 2016ರಲ್ಲಿ ಹೋಬಿ ಬೇಕರ್ ಪ್ರಶಸ್ತಿ (ಕಾಲೇಜ್ ಹಾಕಿಯ ಅತ್ಯುತ್ತಮ ಆಟಗಾರನಿಗೆ) ಗೆದ್ದ ಮೇಲೂ ಸಹಿ ಹಾಕದೆ ಕಾದು, ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ಸೇರಿದರು. ನಿಮ್ಮ ಮಗ ಈಗಲೇ ಯಾವ ಕ್ಲಬ್ ಜೊತೆ ಬೇಕಾದರೂ ಮಾತಾಡಬಹುದು. ಆಯ್ಕೆ ಅವನ ಕೈಯಲ್ಲೇ ಇದೆ, ಅವಸರದಲ್ಲಿ ಅದನ್ನು ಬಿಟ್ಟುಕೊಡಬೇಡಿ.

ಯಾವ ಕ್ಲಬ್ ದೊಡ್ಡದು ಅನ್ನುವುದಕ್ಕಿಂತ ಎಲ್ಲಿ ಜಾಗ ಖಾಲಿ ಇದೆ ಅನ್ನುವುದನ್ನು ನೋಡಿ. ಮದುವೆ ಊಟದ ಪಂಕ್ತಿಯಲ್ಲಿ ಎಲೆ ಖಾಲಿ ಇದ್ದ ಕಡೆ ತಾನೇ ನಾವು ಕೂರುವುದು. ಒಂದು ಎನ್‌ಎಚ್‌ಎಲ್ ಕ್ಲಬ್ ಇಟ್ಟುಕೊಳ್ಳಬಹುದಾದ ಒಪ್ಪಂದ ಒಟ್ಟು 50. ಅದರಲ್ಲಿ ಸೆಂಟರ್‌ಗಳು ಎಷ್ಟು, ಅವರ ವಯಸ್ಸೆಷ್ಟು, ಯಾರ ಒಪ್ಪಂದ ಯಾವಾಗ ಮುಗಿಯುತ್ತದೆ, ಎಲ್ಲವೂ ಸಾರ್ವಜನಿಕವಾಗಿ ಸಿಗುತ್ತದೆ. ಕೂತು ಪಟ್ಟಿ ಮಾಡಿ. ಅವರ ಎಎಚ್‌ಎಲ್ ತಂಡವನ್ನೂ ನೋಡಿ, ಮೊದಲ ವರ್ಷ ಅವನು ಆಡುವುದು ಬಹುಶಃ ಅಲ್ಲೇ. ಎಎಚ್‌ಎಲ್ ನಿಯಮದ ಪ್ರಕಾರ ಪಂದ್ಯಕ್ಕೆ ಇಳಿಯುವ 18 ಸ್ಕೇಟರ್‌ಗಳಲ್ಲಿ (ಗೋಲಿಗಳನ್ನು ಬಿಟ್ಟು ಉಳಿದ ಆಟಗಾರರು) ಕನಿಷ್ಠ 13 ಜನ ಕಡಿಮೆ ಅನುಭವದವರೇ ಇರಬೇಕು. ಹೊಸ ಹುಡುಗರಿಗೆ ಇದು ದೊಡ್ಡ ಅನುಕೂಲ.

ದುಡ್ಡಿನ ವಿಷಯದಲ್ಲಿ ‘ಟೂ-ವೇ’ ಒಪ್ಪಂದ ಏನೆಂದು ತಿಳಿದಿರಲಿ. ಎನ್‌ಎಚ್‌ಎಲ್‌ನಲ್ಲಿ ಇದ್ದಷ್ಟು ದಿನ ಒಂದು ಸಂಬಳ, ಕೆಳಗೆ ಇದ್ದಾಗ ಬೇರೆ, ತುಂಬಾ ಕಡಿಮೆ ಸಂಬಳ. 2025-26ರಲ್ಲಿ ಎನ್‌ಎಚ್‌ಎಲ್ ಕನಿಷ್ಠ ಸಂಬಳ 7,75,000 ಡಾಲರ್. ಆ ಅಂಕಿ ನೋಡಿ ಮನೆ ಲೆಕ್ಕ ಹಾಕಬೇಡಿ, ಎಎಚ್‌ಎಲ್ ಅಂಕಿ ನೋಡಿ ಹಾಕಿ.

ಓದಿನ ಬಗ್ಗೆ ಅವರಮ್ಮನಿಗೆ ಹೇಳಿ: ಬಿಟ್ಟುಹೋದವರೆಲ್ಲ ಓದು ಕಳೆದುಕೊಂಡಿಲ್ಲ. ಬೇಸಿಗೆಗಳಲ್ಲಿ ಬಂದು ಉಳಿದ ಕೋರ್ಸ್ ಮುಗಿಸಿದವರನ್ನು ನಾನೇ ನೋಡಿದ್ದೇನೆ. ಆದರೆ ಹೋಗುವ ಮುಂಚೆ ಮೂರು ವಿಷಯ ಬರವಣಿಗೆಯಲ್ಲಿ ಬೇಕು. ಎಷ್ಟು ಕ್ರೆಡಿಟ್ ಬಾಕಿ, ಅದರಲ್ಲಿ ಆನ್‌ಲೈನ್ ಯಾವುದು, ವಾಪಸ್ ಬಂದರೆ ಸ್ಕಾಲರ್‌ಶಿಪ್ ಉಂಟೋ ಇಲ್ಲವೋ. ಬಾಯಿಮಾತಿನ ಭರವಸೆ ಆಮೇಲೆ ನೆನಪಿರುವುದಿಲ್ಲ.

ಟೊರೊಂಟೊದಿಂದ, ಹಾಕಿ ಹಿಂಬಾಲಿಸುವವನು

ಅಣ್ಣಾ, ಧೈರ್ಯಕ್ಕೆ ಕೆಲವು ಹೆಸರು. ಮಾರ್ಟಿನ್ ಸೇಂಟ್ ಲೂಯಿ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕೂ ವರ್ಷ ಆಡಿದವರು. 5 ಅಡಿ 8 ಇಂಚು ಎತ್ತರ, ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಕೆಳಗಿನ ಲೀಗ್‌ಗಳಲ್ಲಿ ಆಡಿ, ಕ್ಯಾಲ್ಗರಿ ಕೈಬಿಟ್ಟ ಮೇಲೆ 2000ದಲ್ಲಿ ಟ್ಯಾಂಪಾ ಬೇ ಸೇರಿದರು. 2004ರಲ್ಲಿ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ತಂಡದ ಕಪ್), ಹಾರ್ಟ್ ಟ್ರೋಫಿ (ಲೀಗ್‌ನ ಅತಿ ಮೌಲ್ಯದ ಆಟಗಾರನ ಪ್ರಶಸ್ತಿ) ಎರಡೂ ಅವರದ್ದು. ಕ್ರಿಸ್ ಕುನಿಟ್ಸ್ ಕೂಡ ಡ್ರಾಫ್ಟ್ ಆಗದವರು. ಫೆರಿಸ್ ಸ್ಟೇಟ್‌ನಲ್ಲಿ, ಅಂದರೆ ನಿಮ್ಮ ಮಿಶಿಗನ್‌ನಲ್ಲೇ, ನಾಲ್ಕು ವರ್ಷ ಮುಗಿಸಿ 2003ರಲ್ಲಿ ಆನಹೈಮ್‌ಗೆ ಸಹಿ ಹಾಕಿದರು. ಆಮೇಲೆ ನಾಲ್ಕು ಸ್ಟ್ಯಾನ್ಲಿ ಕಪ್! ಇನ್ನೊಂದು ಕಡೆ ಜೋ ಪವೆಲ್ಸ್ಕಿ. ವಿಸ್ಕಾನ್ಸಿನ್‌ನಲ್ಲಿ ಎರಡೇ ವರ್ಷ ಆಡಿ, 2006ರಲ್ಲಿ ಎನ್‌ಸಿಎಎ ಪ್ರಶಸ್ತಿ ಗೆದ್ದು ಹೊರಟರು. ಡ್ರಾಫ್ಟ್‌ನಲ್ಲಿ 205ನೇ ಆಯ್ಕೆಯಾಗಿದ್ದವರು 1300ಕ್ಕೂ ಜಾಸ್ತಿ ಎನ್‌ಎಚ್‌ಎಲ್ ಪಂದ್ಯ ಆಡಿದರು. ಬೇಗ ಹೋದವರೂ ಇದ್ದಾರೆ, ತಡವಾಗಿ ಹೋದವರೂ ಇದ್ದಾರೆ.

ನಮ್ಮ ಭಾರತೀಯ ಮೂಲದವರಲ್ಲಿ ಜುಝಾರ್ ಖೈರಾ ಮಿಶಿಗನ್ ಟೆಕ್‌ನಲ್ಲಿ ಒಂದು ವರ್ಷ ಆಡಿ ಎನ್‌ಎಚ್‌ಎಲ್ ತಲುಪಿದ ಫಾರ್ವರ್ಡ್. ಕನ್ನಡದ ಮನೆಯ ಹುಡುಗನೊಬ್ಬ ಆ ಮಟ್ಟಕ್ಕೆ ಹತ್ತಿರ ಇದ್ದಾನೆ ಅಂದರೆ ನನಗೆ ನಿಜಕ್ಕೂ ಖುಷಿ.

ಇಂಗ್ಲೆಂಡ್‌ನಿಂದ, ಹಿಂದೆ ಆಡುತ್ತಿದ್ದವನು

ಅಂಕಲ್, ಎನ್‌ಎಚ್‌ಎಲ್ ಆಗದಿದ್ದರೆ ಆಟವೇ ಮುಗಿಯಿತು ಎಂದುಕೊಳ್ಳಬೇಡಿ. ಜರ್ಮನಿ, ಸ್ವೀಡನ್, ಸ್ಲೋವಾಕಿಯಾ, ಎಲ್ಲ ಕಡೆ ಅಮೆರಿಕದ ಕಾಲೇಜ್ ಫಾರ್ವರ್ಡ್‌ಗಳು ಸಂಬಳಕ್ಕೆ ಆಡುತ್ತಾರೆ. ಇಲ್ಲಿನ ಎಲೀಟ್ ಲೀಗ್‌ನ (ಬ್ರಿಟನ್‌ನ ಪ್ರೊ ಹಾಕಿ ಲೀಗ್) ಕೆಲವು ಕ್ಲಬ್‌ಗಳು ಆಡುತ್ತಲೇ ಸ್ಥಳೀಯ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಮಾಡಿಸುತ್ತವೆ. ನಾನು ಮಾಡಿದ್ದು ಹಾಗೇ. ಆದರೆ ಅದಕ್ಕೆ ಮೊದಲ ಡಿಗ್ರಿ ಕೈಯಲ್ಲಿರಬೇಕು.

ಮಿಶಿಗನ್‌ನ ತಂದೆ

ಎಲ್ಲರಿಗೂ ತುಂಬಾ ಧನ್ಯವಾದ. ಮನೆಯಲ್ಲಿ ಎಲ್ಲರೂ ಕೂತು ಓದಿದೆವು. ಒಂದು ಕ್ಲಬ್ ‘ಈಗಲೇ ಸಹಿ ಹಾಕಿದರೆ ಈ ಸೀಸನ್‌ನ ಕೊನೆಯ ಕೆಲವು ಎನ್‌ಎಚ್‌ಎಲ್ ಪಂದ್ಯ ಆಡಿಸುತ್ತೇವೆ’ ಎನ್ನುತ್ತಿದೆ. ಮಗ ಅದಕ್ಕೇ ಕುಣಿಯುತ್ತಿದ್ದಾನೆ. ಇದರಲ್ಲಿ ಏನಾದರೂ ತೊಡಕು ಇದೆಯೇ?

ಬೋಸ್ಟನ್‌ನ ಸಲಹೆಗಾರ

ತೊಡಕು ಅಂತಲ್ಲ, ಲೆಕ್ಕ ಇದೆ. 22, 23 ವಯಸ್ಸಿನವರ ಮೊದಲ ಒಪ್ಪಂದ ಎರಡು ವರ್ಷದ್ದು. ಈ ಸೀಸನ್‌ನಿಂದಲೇ ಶುರುವಾದರೆ, ಕೆಲವೇ ವಾರ ಆಡಿದರೂ ಅದರಲ್ಲಿ ಒಂದು ವರ್ಷ ಮುಗಿದ ಹಾಗೆ. ಒಳ್ಳೆಯ ಮುಖ: ಮುಂದಿನ ವರ್ಷ ಮಿಂಚಿದರೆ ಹೊಸ ಸಂಬಳದ ಮಾತು ಬೇಗ ಬರುತ್ತದೆ. ಇನ್ನೊಂದು ಮುಖ: ತನ್ನನ್ನು ತೋರಿಸಿಕೊಳ್ಳಲು ಅವನಿಗೆ ಸಿಗುವುದು ಒಂದೇ ಪೂರ್ತಿ ಸೀಸನ್. ಗಾಯವಾದರೆ ಅದೂ ಹೋಯಿತು. ನಡುವಿನ ದಾರಿಯೂ ಇದೆ. ಎನ್‌ಎಚ್‌ಎಲ್ ಒಪ್ಪಂದ ಮುಂದಿನ ಸೀಸನ್‌ನಿಂದ ಶುರುವಾಗಲಿ, ಈ ವಸಂತದಲ್ಲಿ ಅವರ ಎಎಚ್‌ಎಲ್ ತಂಡಕ್ಕೆ ಟ್ರೈಔಟ್ ಮೇಲೆ ಆಡಲಿ. ಇದು ಸಾಧ್ಯವೇ ಎಂದು ಎರಡೂ ಕ್ಲಬ್‌ಗಳನ್ನು ಕೇಳಿ.

ಯಾವುದಕ್ಕೂ ಮುಂಚೆ ಎನ್‌ಎಚ್‌ಎಲ್ ಆಟಗಾರರ ಸಂಘದ ಮಾನ್ಯತೆ ಇರುವ ಏಜೆಂಟ್ ಒಬ್ಬರಿಂದ ಕಾಗದ ಓದಿಸಿ. ಸಹಿ ಬಿದ್ದ ಮೇಲೆ ಕಾಲೇಜ್ ಆಟಕ್ಕೆ ವಾಪಸ್ ಬರಲು ಆಗುವುದಿಲ್ಲ.

ಮಿನಿಯಾಪೊಲಿಸ್‌ನ ತಾಯಿ

ಸರ್, ಕ್ಲಬ್‌ನವರು ಮಾತಿಗೆ ಕೂತಾಗ ಮಗನೇ ಕೇಳಲಿ: ‘ಮುಂದಿನ ಅಕ್ಟೋಬರ್‌ನಲ್ಲಿ ನಾನು ಯಾವ ಲೈನ್, ಯಾವ ಜಾಗ? ಎಎಚ್‌ಎಲ್‌ನಲ್ಲಿ ನನ್ನ ಮುಂದೆ ಎಷ್ಟು ಜನ ಸೆಂಟರ್‌ಗಳಿದ್ದಾರೆ?’ ಹೆಸರು ಹೇಳಿ ಉತ್ತರ ಕೊಟ್ಟರೆ ಅವನ ಬಗ್ಗೆ ಯೋಚಿಸಿದ್ದಾರೆ ಅಂತ ತಿಳಿಯಿರಿ. ಮಾತು ತೇಲಿಸಿದರೆ ನಾಲ್ಕನೇ ವರ್ಷ ಮುಗಿಸಲಿ. ಮುಂದಿನ ಮಾರ್ಚ್‌ನಲ್ಲಿ ಡಿಗ್ರಿಯೂ ಹತ್ತಿರ ಇರುತ್ತದೆ, ಆಗಲೂ ಅವನು ಯಾವ ಕ್ಲಬ್‌ಗೆ ಬೇಕಾದರೂ ಸಹಿ ಹಾಕಬಹುದು.