ಗಾಳಿಯಲ್ಲಿರುವ ರೇಡಿಯೊ ತರಂಗಗಳಿಂದ ವಿದ್ಯುತ್: ಕ್ವಾಂಟಮ್ ವಸ್ತುಗಳಿಂದ ನಿಜಕ್ಕೂ ಆಗುವುದೇನು?

ಪ್ರಶ್ನೆ (ತೋಟಗಾರ): ವೈ-ಫೈ ಮತ್ತು ಮೊಬೈಲ್ ಗೋಪುರಗಳ ತರಂಗಗಳನ್ನೇ ವಿದ್ಯುತ್ತಾಗಿ ಮಾರ್ಪಡಿಸುವ ‘ಕ್ವಾಂಟಮ್ ವಸ್ತು’ಗಳ ಬಗ್ಗೆ ಹಲವು ವರದಿಗಳನ್ನು ಓದಿದೆ. ಆಂಟೆನಾಕ್ಕೆ ಡಯೋಡ್ ಜೋಡಿಸಿ ಈ ಕೆಲಸ ಮಾಡುವುದು ಹಳೆಯ ವಿಧಾನವೇ ಅಲ್ಲವೇ? ಹಾಗಿದ್ದ ಮೇಲೆ ಹೊಸ ವಸ್ತು ಏಕೆ ಬೇಕು? ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳಿಗೆ ಬ್ಯಾಟರಿ ಬದಲಿಸುವ ಕಾಟ ಇದರಿಂದ ತಪ್ಪೀತೇ ಎಂದು ತಿಳಿಯುವ ಆಸೆ.

ಉತ್ತರ 1 (ಸರ್ಕ್ಯೂಟ್): ವಸ್ತುವಿನ ಮಾತಿಗೆ ಮೊದಲು, ಗಾಳಿಯಲ್ಲಿ ಇರುವುದೆಷ್ಟು ಎಂಬ ಲೆಕ್ಕ ನೋಡೋಣ. 2.4 ಗಿಗಾಹರ್ಟ್ಸ್‌ನಲ್ಲಿ 100 ಮಿಲಿವಾಟ್ ಹೊರಸೂಸುವ ರೂಟರ್‌ನಿಂದ 5 ಮೀಟರ್ ದೂರದಲ್ಲಿ, ನಡುವೆ ಗೋಡೆಯೇ ಇಲ್ಲವೆಂದು ಇಟ್ಟುಕೊಂಡರೂ, ಎಲ್ಲ ದಿಕ್ಕಿನಿಂದ ಸಮನಾಗಿ ಗ್ರಹಿಸುವ ಆಂಟೆನಾಕ್ಕೆ ದಕ್ಕುವುದು ಸುಮಾರು 0.4 ಮೈಕ್ರೋವಾಟ್. ಇದರಲ್ಲಿ ಚೂರೂ ಪೋಲಾಗದಿದ್ದರೂ 15 ವಾಟ್-ಗಂಟೆಯ ಮೊಬೈಲ್ ಬ್ಯಾಟರಿ ತುಂಬಲು ನಾಲ್ಕು ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಯಾವ ವಸ್ತು ಬಂದರೂ ಈ ಮಿತಿಯನ್ನು ದಾಟಲಾರದು.

ಇನ್ನು ಡಯೋಡ್‌ನ ತೊಡಕು. ತರಂಗದಿಂದ ಹುಟ್ಟುವ ಪ್ರವಾಹ ಅತ್ತಿತ್ತ ತೂಗುತ್ತಿರುತ್ತದೆ; ಬಳಸಲು ಅದನ್ನು ಒಂದೇ ದಿಕ್ಕಿಗೆ ಹರಿಸಬೇಕು, ಡಯೋಡ್‌ನ ಕೆಲಸ ಅದೇ. 50 ಓಮ್ ಆಂಟೆನಾದಲ್ಲಿ ಆ 0.4 ಮೈಕ್ರೋವಾಟ್ ಹುಟ್ಟಿಸುವ ವೋಲ್ಟೇಜ್ ಗರಿಷ್ಠ 6 ಮಿಲಿವೋಲ್ಟ್ ಇದ್ದೀತು. ಕೋಣೆಯ ಉಷ್ಣತೆಯಲ್ಲಿ ಡಯೋಡ್‌ನ ವರ್ತನೆಯನ್ನು ನಿರ್ಧರಿಸುವ ಉಷ್ಣ ವೋಲ್ಟೇಜ್ 26 ಮಿಲಿವೋಲ್ಟ್. ಅದಕ್ಕಿಂತ ಬಹಳ ಕೆಳಗೆ ಡಯೋಡ್ ಎರಡೂ ದಿಕ್ಕಿಗೆ ಪ್ರವಾಹವನ್ನು ಬಹುತೇಕ ಸಮನಾಗಿಯೇ ಬಿಡುತ್ತದೆ. ಹೀಗಾಗಿ ಏಕಮುಖವಾಗಿ ಉಳಿಯುವುದು ಅತ್ಯಲ್ಪ.

ಉತ್ತರ 2 (ಸ್ಫಟಿಕ): ಮೇಲಿನ ಲೆಕ್ಕ ಸರಿಯಾಗಿದೆ. ವಸ್ತುವಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಡಯೋಡ್‌ನಲ್ಲಿ ಏಕಮುಖತೆ ಹುಟ್ಟುವುದು ಎರಡು ಪದಾರ್ಥಗಳು ಕೂಡುವ ಗಡಿಯಲ್ಲಿ. ಕೆಲವು ಸ್ಫಟಿಕಗಳಲ್ಲಿ ಪರಮಾಣುಗಳ ಜೋಡಣೆಯೇ ಅಸಮವಾಗಿರುವುದರಿಂದ ಅಂಥ ಗಡಿ ಬೇಕಿಲ್ಲ: ತರಂಗದ ವಿದ್ಯುತ್ ಕ್ಷೇತ್ರ ಅತ್ತಿತ್ತ ತೂಗಿದಾಗಲೆಲ್ಲ ಎಲೆಕ್ಟ್ರಾನುಗಳು ಅಡ್ಡಕ್ಕೆ ಒಂದೇ ಬದಿಗೆ ಸರಿಯುತ್ತವೆ, ಅದೂ ಆಯಸ್ಕಾಂತದ ನೆರವಿಲ್ಲದೆ. ಇದನ್ನು ಅರೇಖೀಯ ಹಾಲ್ ಪರಿಣಾಮ ಎನ್ನುತ್ತಾರೆ; ನೀವು ಓದಿದ ‘ಕ್ವಾಂಟಮ್ ವಸ್ತು’ಗಳು ಇಂಥ ಸ್ಫಟಿಕಗಳೇ. ಭೌತವಿಜ್ಞಾನಿಗಳಾದ ಸೊಡೆಮಾನ್ ಮತ್ತು ಲಿಯಾಂಗ್ ಫು 2015ರಲ್ಲಿ ಇದರ ಸಿದ್ಧಾಂತವನ್ನು ಮುಂದಿಟ್ಟರು. 2019ರಲ್ಲಿ ಟಂಗ್‌ಸ್ಟನ್ ಡೈಟೆಲ್ಯುರೈಡ್‌ನ ಕೆಲವೇ ಪದರಗಳಲ್ಲಿ, ಕಡಿಮೆ ಉಷ್ಣತೆಯಲ್ಲಿ ಅದು ಕಂಡುಬಂತು. 2021ರಲ್ಲಿ ಸಿಂಗಪುರದ ತಂಡವು ಟ್ಯಾಂಟಲಮ್ ಇರಿಡಿಯಮ್ ಟೆಲ್ಯುರೈಡ್ ಬಳಸಿ ಕೋಣೆಯ ಉಷ್ಣತೆಯಲ್ಲೇ ರೇಡಿಯೊ ಸಂಕೇತವನ್ನು ಏಕಮುಖಗೊಳಿಸಿ ತೋರಿಸಿತು.

ಪತ್ರಿಕಾ ವರದಿಗಳು ‘ಹೊಸ್ತಿಲು ವೋಲ್ಟೇಜ್ ಇಲ್ಲ’ (ಕೆಲಸ ಶುರುವಾಗಲು ಇಂತಿಷ್ಟು ಕನಿಷ್ಠ ವೋಲ್ಟೇಜ್ ಬೇಕಿಲ್ಲ) ಎಂಬುದನ್ನೇ ದೊಡ್ಡದು ಮಾಡುತ್ತವೆ. ಅದು ಪೂರ್ತಿ ನ್ಯಾಯವಲ್ಲ. ಇಲ್ಲಿಯೂ ಪ್ರವಾಹವು ಕ್ಷೇತ್ರದ ವರ್ಗವನ್ನು ಅನುಸರಿಸುತ್ತದೆ, ಅಂದರೆ ಕ್ಷೇತ್ರ ಅರ್ಧವಾದರೆ ಫಲ ಕಾಲು ಭಾಗಕ್ಕೆ ಇಳಿಯುತ್ತದೆ. ದುರ್ಬಲ ಸಂಕೇತಕ್ಕೆ ಡಯೋಡ್ ಕೂಡ ಹೀಗೆಯೇ ವರ್ತಿಸುತ್ತದೆ. ನಿಜವಾದ ಅನುಕೂಲ ವೇಗದ್ದು. ಸಂಧಿಯ ಕೆಪಾಸಿಟೆನ್ಸ್ (ಎರಡು ಪದಾರ್ಥಗಳ ಗಡಿಯಲ್ಲಿ ವಿದ್ಯುದಾವೇಶ ಕೂಡಿಕೊಂಡು ವೇಗ ತಗ್ಗಿಸುವ ಗುಣ) ಇಲ್ಲದಿರುವುದರಿಂದ, ಡಯೋಡ್ ಸೋಲುವ ಟೆರಾಹರ್ಟ್ಸ್ (ಸೆಕೆಂಡಿಗೆ ಲಕ್ಷ ಕೋಟಿ ಕಂಪನಗಳ) ಆವೃತ್ತಿಗಳಲ್ಲೂ ಈ ವಸ್ತುಗಳು ಕೆಲಸ ಮಾಡಬಲ್ಲವು.

ದುರ್ಬಲ ಸಂಕೇತಕ್ಕೆ ಹೆಚ್ಚು ಭರವಸೆ ಮೂಡಿಸಿರುವುದು ಬೇರೊಂದು ದಾರಿ. ನ್ಯಾನೊ ಗಾತ್ರದ ಕಾಂತೀಯ ಸಂಧಿಗಳಿಂದ ಮಾಡಿದ ‘ಸ್ಪಿನ್ ರೆಕ್ಟಿಫೈಯರ್’ಗಳನ್ನು (ಪ್ರವಾಹವನ್ನು ಏಕಮುಖಗೊಳಿಸುವ ಬಿಡಿಭಾಗಗಳನ್ನು) ಸಾಲಾಗಿ ಜೋಡಿಸಿ, ಸುಮಾರು 2 ಮೈಕ್ರೋವಾಟ್ ರೇಡಿಯೊ ಶಕ್ತಿಯಿಂದ ಮಾರುಕಟ್ಟೆಯಲ್ಲಿ ಸಿಗುವ ಉಷ್ಣತಾ ಸೆನ್ಸರ್ ಒಂದನ್ನು ನಡೆಸಿರುವುದಾಗಿ 2024ರಲ್ಲಿ ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದೆ.

ತೋಟಗಾರ: ಇಬ್ಬರಿಗೂ ಧನ್ಯವಾದ. ಹಾಗಾದರೆ ನಮ್ಮಂಥ ತೋಟಕ್ಕೆ, ಅದೂ ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಬರುವ ಜಾಗಕ್ಕೆ, ಇದು ಹೊಂದುವುದಿಲ್ಲವೇ?

ಉತ್ತರ 3 (ಸರ್ಕ್ಯೂಟ್): ಹೊಂದುವುದಿಲ್ಲ. ಲಂಡನ್ನಿನ 270 ಸುರಂಗ ರೈಲು ನಿಲ್ದಾಣಗಳ ಹೊರಗೆ ಮಾಡಿ 2013ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಅತಿ ಪ್ರಬಲವಾಗಿದ್ದ ಮೊಬೈಲ್ ಆವೃತ್ತಿ ಪಟ್ಟಿಯ ಸರಾಸರಿಯೇ ಚದರ ಸೆಂಟಿಮೀಟರಿಗೆ 84 ನ್ಯಾನೊವಾಟ್. ಅಷ್ಟೇ ಜಾಗಕ್ಕೆ ನಡು ಮಧ್ಯಾಹ್ನದ ಬಿಸಿಲು ಸುಮಾರು 100 ಮಿಲಿವಾಟ್. ಅಡಿಕೆ ಸೋಗೆಗಳ ನಡುವಿನಿಂದ ಅದರ ನೂರರಲ್ಲೊಂದು ಪಾಲು ಕೆಳಗಿಳಿದರೂ ಆ ಮಹಾನಗರದ ತರಂಗಗಳಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಆದ್ದರಿಂದ ಅಂಗೈಯಗಲದ ಸೌರಫಲಕವೇ ಮೇಲು, ಮಳೆಗಾಲದ ಮೋಡದ ದಿನಗಳಿಗೆಂದು ಜೊತೆಗೆ ವಿದ್ಯುತ್ ಕೂಡಿಡುವ ಒಂದು ಸೂಪರ್ ಕೆಪಾಸಿಟರ್ ಇರಲಿ. ಫಲಕದ ಮೇಲೆ ಪಾಚಿ ಕಟ್ಟದಂತೆ ಆಗಾಗ ಒರೆಸಬೇಕಾದೀತು.

ಬ್ಯಾಟರಿಯೂ ಬೇಡ, ಫಲಕವೂ ಬೇಡ ಎಂದಾದರೆ, ತರಂಗವನ್ನು ನೀವೇ ಕೊಂಡೊಯ್ಯಬಹುದು. 865 ಮೆಗಾಹರ್ಟ್ಸ್ ಆಸುಪಾಸಿನ ಆರ್‌ಎಫ್‌ಐಡಿ ರೀಡರ್ (ರೇಡಿಯೊ ತರಂಗ ಕಳಿಸಿ ಟ್ಯಾಗ್‌ಗಳನ್ನು ಓದುವ ಸಾಧನ) ಹಿಡಿದು ಸಾಲುಗಳ ನಡುವೆ ನಡೆದರೆ, ಕೆಲವು ಮೀಟರ್ ಒಳಗಿರುವ ಸೆನ್ಸರ್ ಟ್ಯಾಗ್‌ಗಳು ಅದರ ಶಕ್ತಿಯಿಂದಲೇ ಎಚ್ಚೆತ್ತು ತೇವಾಂಶವನ್ನು ವರದಿ ಮಾಡುತ್ತವೆ, ಅದೂ ಸಾಮಾನ್ಯ ಡಯೋಡ್‌ನಿಂದಲೇ. ಆಂಟೆನಾ ಮಾತ್ರ ನೆಲದಿಂದ ಮೇಲಿರಲಿ, ಒದ್ದೆ ಮಣ್ಣು ಆ ತರಂಗವನ್ನು ಹೀರಿಬಿಡುತ್ತದೆ.